ಮಾಡ್ಯೂಲಿಗೆ ಹೆಸರಿಟ್ಟ ದಿನ

ಬೆಟಗೇರಿಯ ಖಾಸಿಂಸಾಬರ ಪ್ರೆಸ್ಸಿನಲ್ಲಿ ಅಂದು ಮಧ್ಯಾಹ್ನ ಮಷೀನು ನಿಂತಿತ್ತು, ಬಾಯಿಗಳು ನಡೆದಿದ್ದವು. ಜಗಳ ಒಂದು ಹೆಸರಿಗಾಗಿ.

ಹಳೇ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡವನ್ನು ಈಗಿನ ಫೋನಿನಲ್ಲಿ ತೆರೆದರೆ ಬರೀ ಗೀಚು. ಅದನ್ನು ಓದಲು ಬರುವ ಕನ್ನಡವಾಗಿಸುವ ಮಾಡ್ಯೂಲೊಂದನ್ನು, ಅಂದರೆ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯ ಪುಟ್ಟ ಪ್ರೋಗ್ರಾಮನ್ನು, ಖಾಸಿಂಸಾಬರ ಮಗಳು ಅಸ್ಮಾ ಬರೆದಿದ್ದಳು. ಪ್ರೆಸ್ಸಿನ ಲಗ್ನಪತ್ರಿಕೆಗಳ ಮೇಲೆ ವರ್ಷಗಟ್ಟಲೆ ಪಳಗಿಸಿ, ಈಗ ಸಿಪ್ಯಾನ್ ಎಂಬ ಇಂಟರ್ನೆಟ್ ಭಂಡಾರಕ್ಕೆ ಏರಿಸಿ ಲೋಕಕ್ಕೆಲ್ಲ ಪುಕ್ಕಟೆ ಹಂಚುವವಳಿದ್ದಳು. ಕೋಡು, ಬಳಸುವ ವಿವರ, ಪರೀಕ್ಷೆಯ ಮಾದರಿಗಳು ಎಲ್ಲ ಗಂಟು ಕಟ್ಟಿಯಾಗಿತ್ತು. ಮಾದರಿಗೆಂದು ತೆಗೆದುಕೊಂಡ ಲಗ್ನಪತ್ರಿಕೆಯಲ್ಲಿದ್ದ ಹೊಂಬಳ ಊರಿನ ಮದುಮಕ್ಕಳ ಹೆಸರು, ಫೋನ್ ನಂಬರು ತೆಗೆದು, ಯಾರಿಗೂ ಆಗದ ಸುಳ್ಳು ಮದುವೆಗಳನ್ನು ಹೂಡಿದ್ದಳು. ಅಷ್ಟು ಚೊಕ್ಕ ಹುಡುಗಿ!

"ಖಾಸಿಂ ಅಂತ ಇಡು," ಎಂದ ಅಣ್ಣ ಶಫೀಕ. "ಅಬ್ಬಾನ ಹೆಸರು ದುನಿಯಾಕ್ಕೆಲ್ಲ ಗೊತ್ತಾಗ್ಲಿ."

"ಖಾಸಿಂ ಅಂತ ಯಾರು ಹುಡುಕ್ತಾರ ಭಾಯಿ? ಕನ್ನಡ, ಹಳೇ ಫಾಂಟು ಅಂತ ಹುಡುಕ್ತಾರ. ಹೆಸರು ಕೇಳಿದ ಕೂಡ್ಲೇ ಕೆಲಸ ತಿಳೀಬೇಕು. ಮಂದಿ ಬಳಸಾಕ ಹತ್ತಿದ ಮ್ಯಾಲ ಬದಲಿ ಮಾಡೂದು ಸುಮ್ನ ಅಲ್ಲ. ಲಗ್ನಪತ್ರಿಕಿ ಮ್ಯಾಲ ನೀ ದೊಡ್ಡದಾಗಿ ಪ್ರೆಸ್ಸಿನ ಹೆಸರು ಹಾಕ್ತಿಯೇನು? ಮದುಮಕ್ಕಳದು ಮ್ಯಾಲ, ಮುದ್ರಕರದು ತಳಗ."

ಮೂಲೆಯಲ್ಲಿ ಕಾಗದ ಕತ್ತರಿಸುತ್ತಿದ್ದ ಖಾಸಿಂಸಾಬರು ನಕ್ಕೇಬಿಟ್ಟರು. ಆದರೆ ಶಫೀಕ ಅಷ್ಟಕ್ಕೇ ಸೋಲುವ ಆಸಾಮಿಯೇ?

"ಆತು, ಮ್ಯಾಲಿನ ಹೆಸರು ನಿನ್ನ ಮನಸ್ಸಿನಂಗ ಇಡು. ತಳಗ ಬರದವರು ಯಾರು ಅನ್ನೂ ಜಾಗಾದಾಗ 'ಖಾಸಿಂಸಾಬ ಅಂಡ್ ಸನ್ಸ್' ಅಂತ ಹಾಕು. ಹೊರಗ ಬೋರ್ಡಿನಾಗೂ ಅದ ಐತಲ್ಲ."

ಅಸ್ಮಾ ಅಣ್ಣನನ್ನು ದುರುಗುಟ್ಟಿ ನೋಡಿದಳು. ಒಂದೊಂದು ಒತ್ತಕ್ಷರಕ್ಕೂ ತಲೆ ಕೆಡಿಸಿಕೊಂಡವಳು ತಾನು, ನಡುವೆ ಈ ಸನ್ಸ್ ಎಲ್ಲಿಂದ ಬಂದರು? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತಂತೆ! ಅಳು ಬರಲಿಲ್ಲ, ಸಿಟ್ಟು ಬಂತು. ಅಣ್ಣನ ಕಣ್ಣೆದುರಿಗೇ 'ಬರೆದವರು: ಅಸ್ಮಾ' ಎಂದು ಟೈಪು ಮಾಡಿದಳು.

"ಅಬ್ಬಾ, ನೋಡ್ರಿ ಇಕಿ ಏನ್ ಮಾಡ್ಯಾಳ!"

ಖಾಸಿಂಸಾಬರು ಎದ್ದು ಬಂದು, ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಅಸ್ಮಾ ಕುರ್ಚಿ ಬಿಟ್ಟು ಏಳಲಿಲ್ಲ.

"ಆ ಬೋರ್ಡು ಬರಸೂವಾಗ ನೀ ಇನ್ನೂ ಹುಟ್ಟಿದ್ದಿಲ್ಲ ಬೇಟಿ," ಎಂದರು ಮೆಲ್ಲಗೆ.

"ಹುಟ್ಟಿ ಇಪ್ಪತ್ತೇಳು ವರ್ಷ ಆತಲ್ರಿ, ಅಬ್ಬಾ."

ಮುದುಕರಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಮಗಳ ತಲೆಯ ಮೇಲೆ ಕೈಯಿಟ್ಟರು.

"ಖರೆ ಐತಿ. ಏರಿಸು," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಶಫೀಕ, ಬೋರ್ಡು ಬರ್ಯೂ ಪೇಂಟರಗ ಫೋನ್ ಹಚ್ಚು. ಜಲ್ದಿ."