ನಾಲ್ಕನೆಯ ಮನೆಯ ಮಾದ್ಲಿ

ಬನವಾಸಿಯಲ್ಲಿ ಒಂದೇ ಒಂದು ತುತ್ತು ಬಡಿಸಿ ಕೈ ತೊಳೆದುಕೊಳ್ಳುವ ಹೆಂಗಸು ಇನ್ನೂ ಹುಟ್ಟಿಲ್ಲ. ಇದು ಶೈಲಾಳಿಗೆ ಗೊತ್ತಿರಲಿಲ್ಲ ಎಂದಲ್ಲ. ಹಾನಗಲ್ಲಿನ ಕಡೆಯಿಂದ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಈ ಊರಿನ ನೀರು ಕುಡಿದವಳು ಅವಳು. ಎಲ್ಲ ಗೊತ್ತಿದ್ದೂ 'ಊಟದ ನಡಿಗೆ' ಎಂಬ ಹುಕಿಗೆ ಬಿದ್ದಳಲ್ಲ, ಅದಕ್ಕೆ ಏನೆನ್ನಬೇಕು!

ಹುಕಿ ಹತ್ತಿಸಿದವಳು ಸಮೃದ್ಧಿ. ಹೆಗಡೆಕಟ್ಟಾದ ಹುಡುಗಿ, ಶಿರಸಿಯಿಂದ ಪ್ರವಾಸಿಗಳನ್ನು ಕರೆತಂದು ಬನವಾಸಿಯ ದೇವಸ್ಥಾನ ತೋರಿಸುವುದು ಅವಳ ಕಸುಬು. ಬಂದವರು ಗುಡಿ ನೋಡುತ್ತಾರೆ, ದೊಡ್ಡ ನಂದಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಹಸಿವಾಯಿತು ಎಂದು ಮತ್ತೆ ಶಿರಸಿಗೇ ಓಡುತ್ತಾರೆ. ಸಮೃದ್ಧಿಗೆ ಅದೊಂದು ಸಂಕಟ. "ಇಷ್ಟು ಹಳೇ ಊರು, ರಾಜರು ಆಳಿದ ಊರು. ಇಲ್ಲಿಗೆ ಬಂದು ಶಿರಸೀಲಿ ಇಡ್ಲಿ ವಡೆ ತಿನ್ನೋದು ಎಂತ ಚಂದ ಶೈಲಕ್ಕಾ? ನಾಲ್ಕು ಮನೆ ಹುಡುಕಿ. ಒಂದೊಂದು ಮನೇಲಿ ಒಂದೊಂದು ತುತ್ತು. ಊರು ನೋಡಿದ ಹಾಗೂ ಆಯ್ತು, ಊರಿನ ರುಚಿ ನೋಡಿದ ಹಾಗೂ ಆಯ್ತು" ಎಂದಿದ್ದಳು. ಅಷ್ಟು ಸಾಲದು ಎಂದು ತುತ್ತಿನ ಅಳತೆಗೆಂದೇ ಪುಟ್ಟ ಪುಟ್ಟ ಸ್ಟೀಲ್ ಬಟ್ಟಲುಗಳನ್ನೂ ತಂದುಕೊಟ್ಟಿದ್ದಳು. ಕೂಸಿಗೆ ಔಷಧಿ ಕುಡಿಸಲು ಸರಿಹೋಗುವಂಥ ಬಟ್ಟಲುಗಳು.

ಮೂರು ಮನೆ ಸಲೀಸಾಗಿ ಸಿಕ್ಕವು. ಹೊಳೆ ಕಡೆಯ ಓಣಿಯ ರೋಹಿಣಿ ಅಕ್ಕಿ ರೊಟ್ಟಿಗೆ ಒಪ್ಪಿದಳು. ಅನಾನಸು ಬೆಳೆಯುವ ಬಸಪ್ಪನ ಮನೆಯವರು ಅನಾನಸಿನ ಗೊಜ್ಜಿಗೆ ಒಪ್ಪಿದರು. ಮೂರನೆಯದು ಶೈಲಾಳದೇ ಮನೆ, ಅಲ್ಲಿ ಹೋಳಿಗೆ. ನಾಲ್ಕನೆಯ ಮನೆ ಯಾವುದಾಗಬೇಕೆಂದು ಅವಳ ಮನಸ್ಸಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅಲ್ಲಿಗೆ ಹೋಗಿ ಕೇಳಲು ಮಾತ್ರ ಕಾಲು ಏಳುತ್ತಿರಲಿಲ್ಲ.

ಅದು ನೀಲಗಂಗವ್ವನ ಮನೆ. ನೀಲಗಂಗವ್ವ ಶೈಲಾಳ ಗಂಡ ಸದಾಶಿವನಿಗೆ ದೊಡ್ಡವ್ವ, ಅಂದರೆ ಶೈಲಾಳಿಗೆ ಅತ್ತೆಯ ಸಮಾನ. ಮದುವೆಯಾಗಿ ಬಂದಾಗ ಹೂರಣ ರುಬ್ಬಲೂ ಬರದಿದ್ದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೈದು, ನಕ್ಕು, ಅಡುಗೆ ಕಲಿಸಿದವಳು ಅವಳೇ. ಆ ಓಣಿಯಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ಮೂರು ದಿನ ಮೊದಲೇ ಹೆಂಗಸರೆಲ್ಲ ನೀಲಗಂಗವ್ವನ ಒರಳಿನ ಸುತ್ತ ಸೇರಿ ಮಾದ್ಲಿ ಮಾಡಬೇಕು. ಗೋಧಿಯ ತರಿಹಿಟ್ಟನ್ನು ಗಟ್ಟಿಯಾಗಿ ನಾದಿ, ದಪ್ಪ ರೊಟ್ಟಿ ಬೇಯಿಸಿ, ಅದನ್ನು ಕುಟ್ಟಿ ಪುಡಿಮಾಡಿ, ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸುವುದು. ಕುಟ್ಟುವವರು ಯಾರೇ ಆಗಲಿ, ಬೆಲ್ಲ ಹಾಕುವ ಕೈ ಮಾತ್ರ ಅವಳದೇ. ಅದರ ಮೇಲೆ ಬಿಸಿ ಹಾಲು, ತುಪ್ಪ ಬಿದ್ದರೆ ಉಂಡವನು ಪಂಕ್ತಿಯಿಂದ ಏಳುವ ಮಾತೇ ಇಲ್ಲ.

ಎರಡು ವರ್ಷದ ಹಿಂದೆ, ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಸದಾಶಿವ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಶಿರಸಿಯ ಅಡುಗೆಯವರನ್ನು ಕರೆಸಿದರು. ದೊಡ್ಡವ್ವನಿಗೆ ಮೊಣಕಾಲು ನೋವು, ಅವಳಿಗ್ಯಾಕೆ ತ್ರಾಸ ಎಂದು ಗಂಡಹೆಂಡತಿ ಕೂತು ಮಾತಾಡಿಕೊಂಡು, ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದ್ದು. ಜೊತೆಗೆ ಇನ್ನೊಂದು ಜಾಣತನವನ್ನೂ ಮಾಡಿದರು. ಬಂಗಾರದ ಅಕ್ಷರದ ಕಾರ್ಡಿಗೆ ಕುಂಕುಮ ಹಚ್ಚಿ, ಮುಂಬಾಗಿಲಿನಿಂದ ಹೋಗಿ, ನೀಲಗಂಗವ್ವನ ಕೈಗಿಟ್ಟು ನಮಸ್ಕಾರ ಮಾಡಿ ಬಂದರು. ನೀಲಗಂಗವ್ವ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗೃಹಪ್ರವೇಶಕ್ಕೆ ಬರಲಿಲ್ಲ. "ಕಾರ್ಡ್ ಕೊಡೂದು ಬೀಗರಿಗೆ. ನಾ ಯಾವೂರ ಬೀಗತಿ?" ಎಂದು ಯಾರ ಮುಂದೆಯೋ ಅಂದಳಂತೆ.

ಅಂದಿನಿಂದ ಜಗಳವೇನೂ ಇಲ್ಲ. ದಾರಿಯಲ್ಲಿ ಸಿಕ್ಕರೆ "ಆರಾಮೇನ ಶೈಲಾ?" ಎಂದು ಕೇಳುತ್ತಾಳೆ. ಆದರೆ ಶೈಲಾಳ ಮನೆಯ ಮೆಟ್ಟಿಲನ್ನು ಇದುವರೆಗೆ ತುಳಿದಿಲ್ಲ. ಎಷ್ಟು ಚಂದದ ಅಡುಗೆಮನೆ ಕಟ್ಟಿಸಿಕೊಂಡರೇನು, ಅಡುಗೆ ಕಲಿಸಿದವಳು ಒಮ್ಮೆ ಒಳಗೆ ಬಂದು "ಉಪ್ಪು ಕಡಿಮಿ" ಎಂದು ಹೇಳಿರಲಿಲ್ಲ. ಅದು ಶೈಲಾಳ ಎದೆಯಲ್ಲಿ ದಿನವೂ ಚುಚ್ಚುತ್ತಿತ್ತು.

ಕಡೆಗೊಂದು ಬೆಳಗ್ಗೆ ಗಟ್ಟಿ ಮನಸ್ಸು ಮಾಡಿ ಹೋದಳು. ಈ ಸಲ ಬುದ್ಧಿ ಬಂದಿತ್ತು. ಹಿತ್ತಲ ಬಾಗಿಲಿನಿಂದ ನೇರವಾಗಿ ಅಡುಗೆಮನೆಗೆ ನುಗ್ಗಿದಳು. ನೀಲಗಂಗವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅತ್ತಿ, ಐತವಾರ ಆರು ಮಂದಿ ಬರ್ತಾರ. ನಮ್ಮೂರ ಅಡಗಿ ರುಚಿ ನೋಡಾಕ. ನಿಮ್ಮ ಮನಿಗೂ ಕರಕೊಂಡು ಬರ್ಲೇನು?"

"ಎಷ್ಟು ಮನಿ?"

"ಮೂರು ಮನಿ ಆದಮ್ಯಾಲೆ ನಿಮ್ಮದು."

"ನಾಕನೇದಾ?" ನೀಲಗಂಗವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಅದಕ್ಕ ಮೊದಲ ಯಾರ ಯಾರ ಮನಿ?"

ಶೈಲಾ ಹೇಳಿದಳು. ಎಲ್ಲ ಕಡೆಯೂ ಒಂದೊಂದೇ ತುತ್ತು ಎಂದು ಒತ್ತಿ ಹೇಳಿದಳು. ನೀಲಗಂಗವ್ವ ಒಂದು ಕಲ್ಲು ಆರಿಸಿ ಹೊರಗೆ ಬಿಸಾಡಿ, "ಹೂಂ. ಕರಕೊಂಡ ಬಾ" ಎಂದಳು. ಆ 'ಹೂಂ' ಯಾವ ಬಗೆಯ 'ಹೂಂ' ಎಂದು ತಿಳಿಯದೆ ಶೈಲಾ ನಾಲ್ಕು ದಿನ ಒದ್ದಾಡಿದಳು. ಒಂದು ಮಾತ್ರ ಖಾತ್ರಿಯಿತ್ತು. ಬಂದವರು ನೀಲಗಂಗವ್ವನ ಮನೆಯಲ್ಲಿ ಉಣ್ಣದೆ ಎದ್ದರೆ ಈ ಜನ್ಮದಲ್ಲಿ ಮತ್ತೆ ಆ ಬಾಗಿಲು ತಟ್ಟುವ ಹಾಗಿಲ್ಲ.

ಐತವಾರ ಬಂತು. ಹುಬ್ಬಳ್ಳಿಯಿಂದ ಆರು ಮಂದಿ ಬಂದರು. ಅವರ ಮುಖಂಡ ಸುಭಾಷ ಎಂಬವರು, ಹೊಟ್ಟೆಯೂ ನಗೆಯೂ ಒಂದೇ ಅಳತೆಯಲ್ಲಿದ್ದ ನಿವೃತ್ತ ಮೇಷ್ಟರು. ಗುಡಿ ನೋಡಿ ಮುಗಿಸಿ ಹತ್ತೂವರೆಗೆ ರೋಹಿಣಿಯ ಮನೆಯ ಜಗುಲಿಯಲ್ಲಿ ಕೂತರು. ಅರ್ಧ ರೊಟ್ಟಿ ಎಂದು ಮಾತಾಗಿತ್ತು. ರೋಹಿಣಿ ಒಬ್ಬೊಬ್ಬರಿಗೆ ಎರಡೆರಡು ಹಾಕಿದಳು. ಹೊಸ ಅಕ್ಕಿಯ ಮೆತ್ತನೆಯ ರೊಟ್ಟಿ, ಅವರೆಕಾಳಿನ ಪಲ್ಯ, ಅಮಟೆಕಾಯಿಯ ಉಪ್ಪಿನಕಾಯಿ, ಕೊನೆಗೆ ಜೋನಿಬೆಲ್ಲ. ಶೈಲಾ ಅವಳನ್ನು ಒಳಗೆ ಎಳೆದು ಪಿಸುಗುಟ್ಟಿದಾಗ ಅವಳಿಗೇ ಸಿಟ್ಟು ಬಂತು.

"ಅರ್ಧ ರೊಟ್ಟಿ ಹೆಂಗೆ ಹಾಕೋದು ಶೈಲಕ್ಕ? ನಾವೇನು ನಾಯಿಗೆ ಹಾಕ್ತಾ ಇದೀವಾ?"

ಬಸಪ್ಪನ ಮನೆಯಲ್ಲಿ ಸಮೃದ್ಧಿಯ ಪುಟ್ಟ ಬಟ್ಟಲುಗಳು ಸಾಲಾಗಿ ಕಂಡವು. ಶೈಲಾಳಿಗೆ ಜೀವ ಬಂದಂತಾಯಿತು. ಹತ್ತಿರ ಹೋಗಿ ನೋಡಿದರೆ ಅವುಗಳಲ್ಲಿ ಬರೀ ಉಪ್ಪು. ಊಟವೆಲ್ಲ ದೊಡ್ಡ ತಾಟಿನಲ್ಲಿ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ನಡುವೆ ಕೆರೆಯಂತೆ ಅನಾನಸಿನ ಗೊಜ್ಜು. ಬಸಪ್ಪ ಪಕ್ಕದಲ್ಲೇ ನಿಂತು, "ಉಣ್ರಿ, ಉಣ್ರಿ, ನಾಚಬ್ಯಾಡ್ರಿ" ಎಂದು ಕಾವಲು ಕಾದ. ತಾಟಿನಲ್ಲಿ ಒಂದು ಅಗಳೂ ಬಿಡುವ ಹಾಗಿಲ್ಲ, ಅದು ಪ್ರಸಾದ. ಬಸಪ್ಪನ ತಂದೆ ತಮ್ಮ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು ಕುಡಿದದ್ದನ್ನು ನೋಡಿ ಸುಭಾಷ ಮೇಷ್ಟರೂ ಹಾಗೇ ಮಾಡಿದರು. "ಭೇಷ್!" ಎಂದ ಬಸಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ತೊಳೆದ ಆ ತಾಟಿಗೇ ಇನ್ನೊಂದು ರೊಟ್ಟಿ ಹಾಕಿಬಿಟ್ಟ.

ಮೂರನೆಯ ಮನೆಯಲ್ಲಾದರೂ ಎಲ್ಲ ಸರಿಹೋಗಬೇಕಿತ್ತು. ಅದು ಶೈಲಾಳದೇ ಮನೆ, ಸೌಟು ಅವಳದೇ ಕೈಯಲ್ಲಿ. ಕಾಲು ಹೋಳಿಗೆ, ಒಂದು ಹನಿ ತುಪ್ಪ, ಅಷ್ಟೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದಳು. ಮೊದಲ ಹೋಳಿಗೆಯನ್ನು ಕೈಯಾರೆ ನಾಲ್ಕು ಭಾಗ ಮಾಡಿದಳು ಕೂಡ. ಆಗ ಸುಭಾಷ ಮೇಷ್ಟರು ಕಣ್ಣು ಮುಚ್ಚಿ, "ನಮ್ಮ ಅವ್ವ ಹಿಂಗ ಮಾಡತಿದ್ಲು ನೋಡ್ರಿ" ಎಂದರು. ಮುಗಿಯಿತು. ಆಮೇಲೆ ಏನಾಯಿತೆಂದು ಶೈಲಾಳಿಗೇ ಸರಿಯಾಗಿ ನೆನಪಿಲ್ಲ. ಸದಾಶಿವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡುತ್ತಿದ್ದ. ಅವನನ್ನು ದೂಡಿ ತುಪ್ಪದ ಗಿಂಡಿ ತಂದಳು. ಎರಡೆರಡು ಹೋಳಿಗೆ, ಮೇಲೆ ಅನ್ನ, ಕಟ್ಟಿನ ಸಾರು. ಆರೂ ಮಂದಿ ಗೋಡೆಗೆ ಒರಗಿ ಕಾಲು ಚಾಚಿದಾಗಲೇ ಅವಳಿಗೆ ಎಚ್ಚರವಾದದ್ದು.

"ಶೈಲಕ್ಕಾ, ಎಂತ ಮಾಡಿಬಿಟ್ರಿ?" ಸಮೃದ್ಧಿ ಕಂಬ ಹಿಡಿದುಕೊಂಡು ನಿಂತಿದ್ದಳು. ಪಾಪ, ಹೊಟ್ಟೆ ಬಿರಿದ ಹೊತ್ತಿಗೆ ಮನೆಮಾತಾದ ಹವಿಗನ್ನಡವೇ ಬಾಯಿಗೆ ಬಂತು. "ಇನ್ನೊಂದು ತುತ್ತು ತಿಂಬಲೆ ಆಗ್ತಿಲ್ಲೆ ಎಂಗೆ."

ಬೇರೆಯವರಿಗೆಲ್ಲ ಬುದ್ಧಿ ಹೇಳಿದ ಶೈಲಾ ತಾನೇ ಕೆಡಿಸಿದ್ದಳು. ಇನ್ನು ನೀಲಗಂಗವ್ವನ ಮನೆಗೆ ಬರುವುದಿಲ್ಲ ಎಂದರೆ ತಪ್ಪು, ಬಂದು ಉಣ್ಣದಿದ್ದರೆ ಇನ್ನೂ ದೊಡ್ಡ ತಪ್ಪು. ನಾಲ್ಕು ಗಂಟೆಯವರೆಗೆ ಎಲ್ಲರನ್ನೂ ಚಾಪೆಯ ಮೇಲೆ ಮಲಗಿಸಿ, ಆಮೇಲೆ ಎಬ್ಬಿಸಿ, ನಿಧಾನಕ್ಕೆ ನಡೆಸಿಕೊಂಡು ಹೊರಟಳು. ಎರಡು ಓಣಿ ದಾಟಲು ಅರ್ಧ ಗಂಟೆ ಹಿಡಿಯಿತು.

ನೀಲಗಂಗವ್ವನ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ತಾಟಿಲ್ಲ, ಬಾಳೆಲೆಯಿಲ್ಲ. ಅತಿಥಿಗಳನ್ನು ಕೂರಿಸಿ ಶೈಲಾ ಒಳಗೆ ಓಡಿದಳು. ಒಲೆ ತಣ್ಣಗಿತ್ತು. ಸಾರಿಸಿ, ಗುಡಿಸಿ, ಒಂದು ಕೆಂಡವೂ ಇಲ್ಲದ ಒಲೆ. ಪಾತ್ರೆಗಳೆಲ್ಲ ಬೋರಲು. ನೀಲಗಂಗವ್ವ ಮಣೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಅತ್ತೆ ಕಾರ್ಡಿನ ಸೇಡು ತೀರಿಸಿಕೊಂಡಳು ಎನ್ನಿಸಿತು ಶೈಲಾಳಿಗೆ. ಸಿಟ್ಟು ಬರಬೇಕಿತ್ತು, ಅಳು ಬಂತು.

"ಅತ್ತಿ, ನಂದು ತಪ್ಪಾತು. ಇವತ್ತಿಂದಲ್ಲ, ಅವತ್ತಿಂದ. ನಿಮ್ಮ ಕಾಲಿಗೆ ತ್ರಾಸ ಆಗ್ತದಂತ ತಿಳಕೊಂಡ್ವಿ. ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ. ಕಾರ್ಡ್ ಕೊಟ್ಟು ನಿಮ್ಮನ್ನ ಹೊರಗಿನವ್ರನ್ನ ಮಾಡಿದ್ವಿ. ನೀವು ಬರದ ಆ ಮನ್ಯಾಗ ನಾ ಎಷ್ಟು ಅಡಗಿ ಮಾಡಿದ್ರೂ ಮಾಡಿದಂಗ ಅನಸೂದಿಲ್ಲ."

ನೀಲಗಂಗವ್ವನ ಕಣ್ಣೂ ಒದ್ದೆಯಾಯಿತು. ಅದನ್ನು ಸೆರಗಿನಿಂದ ಒರೆಸಿ, ಬೈಗುಳಕ್ಕೆ ಇಳಿದಳು.

"ಎರಡು ವರ್ಷ ಬೇಕಾತೇನ ಹುಚ್ಚಿ, ಇಷ್ಟು ಹೇಳಾಕ? ಸಾಕು, ಕಣ್ಣು ಒರಸ್ಕೋ. ಮಂದಿ ಕುಂತಾರ ಹೊರಗ."

"ಅವ್ರಿಗೆ ಏನು ಹಾಕೂದು ಅತ್ತಿ? ಒಲಿನೂ ಹಚ್ಚಿಲ್ಲ..."

"ಯಾಕ ಹಚ್ಚಲಿ? ರೋಹಿಣಿ ಮನಿ, ಬಸಪ್ಪನ ಮನಿ, ಅದರ ಮ್ಯಾಲೆ ನಿನ್ನ ಮನಿ. ಮೂರೂ ದಾಟಿ ಬಂದೋರ ಹೊಟ್ಟ್ಯಾಗ ಇನ್ನ ಜಾಗಾ ಎಲ್ಲಿರ್ತದ? ನಿನಗ ಬಡಸಾಕ ಕಲಿಸಿದಾಕಿ ನಾನ. ಒಂದು ತುತ್ತಂತ, ಒಂದು ತುತ್ತು!" ನೀಲಗಂಗವ್ವ ಹೊಟ್ಟೆ ಹಿಡಿದು ನಕ್ಕಳು. "ಮೂಲ್ಯಾಗಿನ ಬುಟ್ಟಿ ತಗೊಂಬಾ."

ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರೆ ಒಣ ಬಾಳೆಪಟ್ಟೆಯಲ್ಲಿ ಸುತ್ತಿ ನಾರು ಕಟ್ಟಿದ ಪೊಟ್ಟಣಗಳು. ಏಲಕ್ಕಿ, ಬೆಲ್ಲ, ಹುರಿದ ಗಸಗಸೆಯ ವಾಸನೆ ಗಮ್ಮೆಂದು ಎದ್ದಿತು. ಅದು ಮಾದ್ಲಿ. ಹದಿನೈದು ದಿನ ಇಟ್ಟರೂ ಕೆಡದ, ಬಿಸಿ ಹಾಲು ಸಿಕ್ಕಿದ ಊರಿನಲ್ಲಿ ಊಟವಾಗುವ ಮಾದ್ಲಿ. ಊರಿಗೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವ ಹಳೆಯ ಪದ್ಧತಿ ಶೈಲಾಳಿಗೆ ಮರೆತೇ ಹೋಗಿತ್ತು.

"ಈ ಮೊಣಕಾಲಾಗ ಇಷ್ಟು ಕುಟ್ಟಿದ್ರೇನು?"

"ಕುಟ್ಟೂದು ಓಣಿ ಹೆಣ್ಣಮಕ್ಕಳು ಕುಟ್ಟಿದ್ರು. ಗೋದಿ ನಿನ್ನ ಗಂಡನ ಗಿರಣ್ಯಾಗ ಒಡಸಿದ್ದು. ನಿನಗ ಹೇಳಬ್ಯಾಡ ಅಂದಿದ್ದೆ. ಪುಣ್ಯಾತ್ಮ, ಬಾಯಿ ಬಿಡಲಿಲ್ಲ."

ನಾಲ್ಕು ದಿನ ತಾನು ಒದ್ದಾಡುತ್ತಿದ್ದಾಗ ಸದಾಶಿವ ಮೀಸೆಯಲ್ಲೇ ನಗುತ್ತ ಓಡಾಡುತ್ತಿದ್ದದ್ದು ಶೈಲಾಳಿಗೆ ಈಗ ನೆನಪಾಯಿತು. ಮನೆಗೆ ಹೋಗಿ ಅವನಿಗೆ ಸರಿಯಾಗಿ ಮಾಡುತ್ತೇನೆ ಎಂದುಕೊಂಡಳು.

ಹೊರಗೆ ಅತಿಥಿಗಳಿಗೆ ಶುಂಠಿ ಹಾಕಿದ ಮಜ್ಜಿಗೆ ಕೊಟ್ಟರು. ತಾಟು ಬರುವುದಿಲ್ಲ ಎಂದು ತಿಳಿದಾಗ ಆರೂ ಮಂದಿಯ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನೋಡಬೇಕಿತ್ತು. ನೀಲಗಂಗವ್ವ ಒಬ್ಬೊಬ್ಬರ ಕೈಗೂ ಪೊಟ್ಟಣ ಇಟ್ಟು, "ಮನಿಗೆ ಹೋಗಿ ಹಾಲು ತುಪ್ಪ ಹಾಕ್ಕೊಂಡು ಉಣ್ರಿ. ಬನವಾಸಿ ಉಂಡಂಗ ಆಗ್ತದ" ಎಂದಳು. ಸುಭಾಷ ಮೇಷ್ಟರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಬರೀ ವಾಸನೆ ನೋಡುತ್ತೇನೆ ಎಂದು ನಾರು ಬಿಚ್ಚಿದರು. ಚಿಟಿಕೆ ಬಾಯಿಗೆ ಹಾಕಿದರು. ಮಜ್ಜಿಗೆ ಮುಗಿಯುವ ಹೊತ್ತಿಗೆ ಅವರ ಪೊಟ್ಟಣ ಖಾಲಿ. ಬಾಳೆಪಟ್ಟೆಯನ್ನು ಕೊಡವುತ್ತ ಕೂತ ಅವರನ್ನು ನೋಡಿ ನೀಲಗಂಗವ್ವ ಇನ್ನೊಂದು ಪೊಟ್ಟಣ ತರಿಸಿದಳು. ಮುಂದಿನ ತಿಂಗಳು ಮತ್ತೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು. ತುತ್ತಿನ ಅಳತೆಯ ಪುಟ್ಟ ಬಟ್ಟಲುಗಳನ್ನು ಮಾತ್ರ ಸಮೃದ್ಧಿ ಎಣಿಸಿ ವಾಪಸು ಚೀಲಕ್ಕೆ ಹಾಕಿಕೊಂಡಳು.

ಅವರನ್ನು ವ್ಯಾನು ಹತ್ತಿಸಿ ಶೈಲಾ ಮರಳಿ ಬಂದಳು. ನೀಲಗಂಗವ್ವ ಗೋಡೆಯ ಮೇಲಿನ ನಾಗಂದಿಗೆಯಿಂದ ದೊಡ್ಡ ಹಿತ್ತಾಳೆ ಡಬ್ಬಿಯನ್ನು ಯಾರಿಂದಲೋ ಕೆಳಗೆ ಇಳಿಸಿಟ್ಟುಕೊಂಡಿದ್ದಳು. ಓಣಿಯ ಶುಭಕಾರ್ಯಗಳಿಗೆಲ್ಲ ಮಾದ್ಲಿ ಹೊತ್ತು ಹೋಗುತ್ತಿದ್ದದ್ದು ಅದೇ ಡಬ್ಬಿ. ಮುಚ್ಚಳ ತೆಗೆದರೆ ಕಂಠದವರೆಗೂ ತುಂಬಿತ್ತು.

"ಇದು ನಿನ್ನ ಮನಿ ವಾಸ್ತುಶಾಂತಿದ್ದು. ಸ್ವಲ್ಪ ತಡಾ ಆತು" ಎಂದಳು.

ಶೈಲಾ ಡಬ್ಬಿಯನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡಳು. ಬಾಗಿಲವರೆಗೆ ಹೋಗಿ, "ಡಬ್ಬಿ ನಾಳೆ ತಂದು ಕೊಡ್ತೀನಿ ಅತ್ತಿ" ಎಂದಳು.

"ನೀ ಯಾಕ ತರ್ತೀ? ಬುಧವಾರ ನಾನ ಬರ್ತೀನಿ, ತಗೊಂಡು ಹೋಗಾಕ. ಹೋಳಿಗಿಗೆ ಎಷ್ಟು ಬೆಲ್ಲ ಹಾಕ್ತಿ ಅದನ್ನೂ ನೋಡಬೇಕು. ಹಿತ್ತಲ ಬಾಗಲಾ ತಗದಿಡು, ನಾ ಆ ಕಡೀಂದ ಬರಾಕಿ."

ಶೈಲಾ ಮನೆಗೆ ಬಂದು ಡಬ್ಬಿಯನ್ನು ಒಲೆಯ ಪಕ್ಕದಲ್ಲಿಟ್ಟಳು. ಸದಾಶಿವ ಏನೋ ಕೇಳಲು ಬಂದ. ಅವನಿಗೆ ಮಾಡಬೇಕಾದದ್ದನ್ನೆಲ್ಲ ಆಮೇಲೆ ಮಾಡಿದರಾಯಿತೆಂದು ಬಿಟ್ಟಳು. ಹೊಸ ಮನೆಯ ಹಿತ್ತಲ ಬಾಗಿಲನ್ನು ಎರಡು ವರ್ಷದಿಂದ ಯಾರೂ ಬಳಸದೆ ಚಿಲಕ ತುಕ್ಕು ಹಿಡಿದಿತ್ತು. ಅವಳು ಕೊಬ್ಬರಿ ಎಣ್ಣೆಯ ಬಾಟಲಿ ತಂದು ಚಿಲಕಕ್ಕೆ ಎಣ್ಣೆ ಬಿಟ್ಟು, ಸಲೀಸಾಗುವವರೆಗೂ ಹಿಂದೆ ಮುಂದೆ ಎಳೆಯುತ್ತ ನಿಂತಳು. ಬುಧವಾರಕ್ಕೆ ಇನ್ನೂ ಮೂರು ದಿನವಿತ್ತು.