ವಾಸನೆಯಿಲ್ಲದ ಹೂವುಗಳು

ಹೂವಿನಂಗಡಿಯಲ್ಲಿ ಇಪ್ಪತ್ತೊಂದು ವರ್ಷ ದುಡಿದವಳಿಗೆ ಮದುವೆ ಗೊತ್ತಾದರೆ ಜನ ಮೊದಲು ಕೇಳುವುದು ಯಾವ ಹೂವು ಅಂತ. ಗಂಡು ಯಾರು ಅನ್ನುವುದು ಆಮೇಲೆ. ಗಂಡು ನಮ್ಮ ಅಂಗಡಿಯ ಎದುರಿಗೇ ಗಡಿಯಾರ ರಿಪೇರಿ ಮಾಡುವವರು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮಾತು ಕಮ್ಮಿ, ಒಳ್ಳೆಯವರು. ನನಗೆ ನಲವತ್ತನಾಲ್ಕು. ನಾಚಿಕೊಂಡು ಮೂಲೆಯಲ್ಲಿ ಕೂರುವ ವಯಸ್ಸೂ ಅಲ್ಲ, ಪುರುಸೊತ್ತೂ ಇಲ್ಲ. ಹಾಗಾಗಿ ನನ್ನ ಮದುವೆಯ ಹೂವು ನಾನೇ ಆರಿಸಿ ನಾನೇ ಜೋಡಿಸುತ್ತೇನೆ ಅಂತ ಅಂಗಡಿಯ ಯಜಮಾನಿಗೆ ಹೇಳಿಬಿಟ್ಟೆ.

"ಸುಗಂಧರಾಜ ಎಷ್ಟು ಕಟ್ಟು ತರಿಸಲಿ?" ಅಂದರು. ನನಗೆ ಅದರ ಹುಚ್ಚು ಅಂತ ಅಂಗಡಿಯ ಬೆಕ್ಕಿಗೂ ಗೊತ್ತು.

"ಒಂದು ಕಡ್ಡಿಯೂ ಬೇಡ."

"ತಲೆಗಿಲೆ ಕೆಟ್ಟಿದೆಯೇನೇ?"

"ಅಕ್ಕನಿಗೆ ಆಗಲ್ಲ."

ಯಜಮಾನಿ ಕತ್ತರಿ ಕೆಳಗಿಟ್ಟರು. "ಅವಳು ಬರ್ತೀನಿ ಅಂದಳಾ?"

"ಬರ್ತಾಳೆ," ಅಂದೆ. ಅವಳು ಹಾಗೇನೂ ಅಂದಿರಲಿಲ್ಲ.

ಅಮ್ಮ ಸತ್ತಾಗ ನನಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತು. ಮದುವೆಯಾಗಿ ಹೋಗುವಾಗ ನನ್ನನ್ನೂ ಜೊತೆಗೇ ಕರೆದುಕೊಂಡು ಹೋದಳು. ಅಂದಿನಿಂದ ಅವಳ ಮನೆಯ ಹಿಂದಿನ ಕೋಣೆ ನನ್ನದು. ಘಾಟು ಹೂವಿನ ವಾಸನೆ ಮೂಗಿಗೆ ಬಿದ್ದರೆ ಅವಳಿಗೆ ತಲೆ ಸಿಡಿಯುತ್ತದೆ. ಅದಕ್ಕೇ ನಾನು ದಿನಾ ಸಂಜೆ ಹಿಂಬಾಗಿಲಿನಿಂದ ಬಂದು, ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿಯೇ ಅವಳ ಮುಂದೆ ಸುಳಿಯುತ್ತಿದ್ದೆ. ನಾನು ಮದುವೆಯ ಮಾತೆತ್ತಿದ ದಿನ, "ನಾನು ನಿನಗೇನು ಕಮ್ಮಿ ಮಾಡಿದ್ದೆ?" ಅಂದಳು. ಅದೇ ಕೊನೆಯ ಮಾತು. ಮೂರು ತಿಂಗಳಿಂದ ಒಂದೇ ಮನೆ, ಒಂದೇ ಊಟದ ಮೇಜು, ನನ್ನ ಜೊತೆ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಏನಿದ್ದರೂ ಭಾವನ ಮೂಲಕ. ನಾನು ಎದುರಿಗೇ ಕೂತಿದ್ದರೂ, "ರೀ, ಉಪ್ಪು ಬೇಕಾ ಕೇಳಿ," ಅನ್ನುತ್ತಾಳೆ. "ಬೇಡವಂತೆ," ಅನ್ನುತ್ತಾರೆ ಭಾವ. ಪಾಪ, ಅಂಚೆ ಇಲಾಖೆಯಿಂದ ನಿವೃತ್ತರಾದರೂ ಬಟವಾಡೆ ತಪ್ಪಲಿಲ್ಲ.

ನನಗೆ ಬೇಕಿದ್ದದ್ದು ಒಂದೇ. ಮದುವೆಯ ರಿಜಿಸ್ಟರಿನಲ್ಲಿ ಹೆಣ್ಣಿನ ಕಡೆಯ ಸಾಕ್ಷಿ ಅಂತ ಒಂದು ಗೆರೆ ಇರುತ್ತದೆ. ಅಲ್ಲಿ ಅಕ್ಕನ ಸಹಿ ಬೀಳಬೇಕು. ನನ್ನ ಕಡೆಯವರು ಅಂತ ಬೇರೆ ಯಾರೂ ಇಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಸಗಟು ಮಾರುಕಟ್ಟೆಗೆ ಹೋದೆ. ಒಂದೊಂದೇ ಬಕೆಟ್ಟಿಗೆ ಬಗ್ಗಿ ಮೂಸಿ ನೋಡಿದೆ. ಹೂವು ಮಾರುವವಳೇ ಮೂಗೊಡ್ಡಿ ವಾಸನೆ ಇಲ್ಲದ್ದನ್ನು ಹುಡುಕುವುದನ್ನು ಕಂಡು ವ್ಯಾಪಾರಿ ನಕ್ಕ. "ಇದೇನು ಮೇಡಂ, ಪ್ಲಾಸ್ಟಿಕ್ಕೇ ತಗೊಂಡು ಹೋಗಿ," ಅಂದ. ಬಿಳಿ ಜರ್ಬೆರಾ ತೆಗೆದುಕೊಂಡೆ, ತಿಳಿ ನೇರಳೆ ಆರ್ಕಿಡ್, ಗ್ಲಾಡಿಯೋಲಸ್. ಗುಲಾಬಿಯಲ್ಲಿ ಎರಡು ಬಕೆಟ್ ವಾಪಸ್ ಕಳಿಸಿ, ಫ್ರಿಜ್ಜಿನಲ್ಲಿಟ್ಟು ವಾಸನೆ ಸತ್ತಂತಾಗಿದ್ದ ಮೂರನೆಯದನ್ನು ಇಟ್ಟುಕೊಂಡೆ. ಮಧ್ಯಾಹ್ನವೆಲ್ಲ ಅಂಗಡಿಯ ಹಿಂದೆ ಕೂತು ದಂಟು ಓರೆಯಾಗಿ ಕತ್ತರಿಸಿದೆ, ನೀರಿಗೆ ತಾಗುವ ಎಲೆ ಕಿತ್ತೆ, ಜರ್ಬೆರಾದ ಕತ್ತು ಬಾಗದಂತೆ ತಂತಿ ಸುತ್ತಿದೆ. ಬೇರೆ ಹುಡುಗಿಯರ ಬೊಕೆ ಕಟ್ಟುವಾಗ ಅವರ ಅತ್ತಿಗೆಯರು, ಚಿಕ್ಕಮ್ಮಂದಿರು ಸುತ್ತ ನಿಂತು ನೂರು ತಪ್ಪು ಹಿಡಿಯುತ್ತಾರೆ. ಆಗ ನನಗೆ ರೇಗುತ್ತಿತ್ತು. ಅವತ್ತು ಯಾರಾದರೂ ಬಂದು ಇದು ಚೆನ್ನಾಗಿಲ್ಲ ಅಂದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಸಂಜೆ ಮನೆಗೆ ಹೋದಾಗ ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ಭಾವ, ಅಕ್ಕನಿಗೆ ಹೇಳಿ. ನಾಳೆ ವಾಸನೆ ಬರೋ ಹೂವು ಒಂದೂ ಇಟ್ಟಿಲ್ಲ. ಎಲ್ಲ ನಾನೇ ಮೂಸಿ ನೋಡಿದ್ದೀನಿ."

"ಒಂದೂ ಇಟ್ಟಿಲ್ವಂತೆ ಕಣೇ," ಅಂದರು ಭಾವ.

ಚಾಕು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಹೆಚ್ಚತೊಡಗಿದಳು. ಆ ಒಂದು ಗಳಿಗೆಯನ್ನೇ ಹಿಡಿದುಕೊಂಡು ನಾನು ಮಲಗಿದೆ.

ಮಾರನೆಯ ದಿನ ಬೆಳಗಾಗುವಾಗಲೇ ಮದುವೆಗೆ ಹಿಡಿದಿದ್ದ ಹಾಲ್‌ಗೆ ಹೋಗಿ ಮೇಜು, ಕಿಟಕಿ, ಬಾಗಿಲು ಎಲ್ಲ ಅಲಂಕರಿಸಿದೆ. ಸೀರೆ ಉಟ್ಟದ್ದೂ ಅಲ್ಲೇ, ಒಬ್ಬಳೇ. ಹತ್ತೂವರೆಗೆ ರಿಜಿಸ್ಟ್ರಾರ್ ಬಂದರು. ಗಂಡಿನ ಕಡೆಯವರು ಮೂವತ್ತು ಜನ ಗಲಗಲ ಅನ್ನುತ್ತಾ ಕೂತರು. ನನ್ನ ಕಡೆಯ ಸಾಲಿನಲ್ಲಿ ಯಜಮಾನಿ ಒಬ್ಬರೇ. ಅವರ ಪಕ್ಕದ ಕುರ್ಚಿ ಖಾಲಿ. ರಿಜಿಸ್ಟ್ರಾರ್ ಎರಡು ಸಲ ಗಡಿಯಾರ ನೋಡಿದರು. ಹತ್ತು ಮುಕ್ಕಾಲಿಗೆ ಭಾವ ಬಂದರು. ಅವರ ಹಿಂದೆ ಯಾರೂ ಇರಲಿಲ್ಲ.

ನನ್ನ ಹತ್ತಿರ ಬಂದು, ನನ್ನನ್ನು ನೋಡದೆ ಚಪ್ಪಲಿ ನೋಡುತ್ತಾ ಹೇಳಿದರು.

"ಅವಳಿಗೆ... ಹೂವಿನ ವಾಸನೆ ಆಗಲ್ವಲ್ಲಮ್ಮ. ತಲೆನೋವು ಬರುತ್ತೆ, ಅದಕ್ಕೆ ಬರಲ್ಲ ಅಂತ ಹೇಳಿ ಅಂದಳು."

ಆ ಹಾಲ್‌ನಲ್ಲಿ ಸುಣ್ಣ ಬಳಿದ ಗೋಡೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದು ಭಾವನಿಗೂ ಗೊತ್ತು, ನನಗೂ ಗೊತ್ತು, ಮನೆಯಲ್ಲಿ ಕೂತವಳಿಗೂ ಗೊತ್ತು.

"ಹೌದು ಭಾವ, ಅವಳಿಗೆ ಮೊದಲಿಂದಲೂ ಹಾಗೇ," ಅಂದೆ. "ಸಾಕ್ಷಿ ಸಹಿ ನೀವು ಹಾಕ್ತೀರಾ?"

ಅವರು ಕಣ್ಣೊರೆಸಿಕೊಂಡು ಸಹಿ ಹಾಕಿದರು. ನಾನೂ ಹಾಕಿದೆ. ಜನ ಚಪ್ಪಾಳೆ ತಟ್ಟಿದರು. ಹೂವು ಎಷ್ಟು ಚೆಂದ ಅಂತ ಎಲ್ಲರೂ ಅಂದರು.

ಗಡಿಯಾರದವರು, ಅಂದರೆ ಈಗ ನನ್ನ ಗಂಡ, ಮೇಜಿನ ಮೇಲಿದ್ದ ಒಂದು ಗುಲಾಬಿಗೆ ಬಗ್ಗಿ ಮೂಗಿಟ್ಟು ನೋಡಿದರು. ಮತ್ತೊಂದಕ್ಕೂ ಇಟ್ಟು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ನಿಮಗೆ ವಾಸನೆ ಇಲ್ಲದ ಹೂವೇ ಇಷ್ಟ ಅಂತ ನನಗೆ ಗೊತ್ತಿರಲಿಲ್ಲ ನೋಡಿ," ಅಂದರು. ಏನೋ ದೊಡ್ಡದೊಂದು ಕಂಡುಹಿಡಿದ ಸಂತೋಷ ಮುಖದ ಮೇಲಿತ್ತು. "ಇನ್ನು ಮೇಲೆ ಮನೆಗೆ ನಾನು ಇಂಥದ್ದೇ ತರ್ತೀನಿ."

ಅಲ್ಲ ಅನ್ನಬೇಕಾದರೆ ಅಕ್ಕನ ಮಾತು ತೆಗೆಯಬೇಕು. ಭಾವ ಎರಡು ಮಾರು ದೂರದಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಹಾಗೇ ತನ್ನಿ," ಅಂದೆ.