ಹಿಮ್ಮೇಳವಿಲ್ಲದ ಲಾವಣಿ

ಮಧ್ಯಾಹ್ನ ಚಿಕ್ಕಮ್ಮನ ಗಂಟಲಿಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಆಮೇಲೆ ಮಾತೂ ಇಲ್ಲ, ಹಾಡೂ ಇಲ್ಲ. ಅಂಬಿಗನ ಮಗಳ ಲಾವಣಿ ಉಳಿದವರ ಬಾಯಲ್ಲೆಲ್ಲ ದೋಣಿಯ ಹಗ್ಗ ಬಿಚ್ಚುವಲ್ಲಿಗೆ ನಿಂತುಹೋಗುತ್ತದೆ. ಮುಂದಿನದು ಗೊತ್ತಿರುವುದು ಚಿಕ್ಕಮ್ಮನೊಬ್ಬಳಿಗೇ. ಅದಿಲ್ಲದೆ ಅವಳ ಅಕ್ಕನ ಮಗ ವರ್ಷಗಟ್ಟಲೆ ಊರೂರು ಅಲೆದು ಕೂಡಿಸಿದ ಸಮಗ್ರ ಲಾವಣಿ ಸಂಪುಟ ಹೆಸರಿಗಷ್ಟೇ ಸಮಗ್ರ.

ಬೆಳಗಿನಿಂದ ಆಸ್ಪತ್ರೆಯ ಕೋಣೆಯಲ್ಲಿ ಅವನು ಮಾಡದ ಸರ್ಕಸ್ ಇರಲಿಲ್ಲ. ಫ್ಯಾನ್ ನಿಲ್ಲಿಸಿದ, ಬಾಗಿಲ ಸಂದಿಗೆ ಟವೆಲ್ ತುರುಕಿದ, ದಿಂಬಿಗೆ ಮೈಕ್ ಒರಗಿಸಿ ಉಸಿರು ಬಿಗಿಹಿಡಿದು ಕುಳಿತ. ಸಂಗ್ರಾಹಕನ ದನಿ ಬೆರೆತ ರೆಕಾರ್ಡಿಂಗ್ ಸಂಪುಟಕ್ಕೆ ಸಲ್ಲದು ಎಂದು ನಿಯಮ ಮಾಡಿದವನೂ ಅವನೇ, ಆ ನೆಪದಲ್ಲಿ ಗೆಳೆಯರ ರೆಕಾರ್ಡಿಂಗುಗಳನ್ನು ಮುಲಾಜಿಲ್ಲದೆ ಮೂಲೆಗೆ ತಳ್ಳಿದವನೂ ಅವನೇ.

ಚಿಕ್ಕಮ್ಮ ಹಾಡಿದಳು. ಹಗ್ಗದ ಹತ್ತಿರ ಬಂದು ತಡವರಿಸಿದಳು. ಮತ್ತೆ ಹಾಡಿದಳು, ಮತ್ತೆ ಅಲ್ಲೇ ಮುಗ್ಗರಿಸಿದಳು. ಮಧ್ಯದಿಂದ ಎತ್ತಿಕೊಳ್ಳಲು ಅವಳಿಗೆ ಬಾರದು. ಪ್ರತಿ ಸಲವೂ ಮೊದಲಿನಿಂದ, ಪ್ರತಿ ಸಲವೂ ಇನ್ನಷ್ಟು ಒಡೆದ ಗಂಟಲು. ಹಾಳಾಗಿ ಹೋಗಲಿ ಲಾವಣಿ, ಇವಳಿಗೆಷ್ಟು ಹಿಂಸೆ ಎಂದುಕೊಂಡ. ಮರುಕ್ಷಣ ಇನ್ನೊಂದೇ ಸಲ ಎಂದು ಬೇಡಿಕೊಂಡ. ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

ನರ್ಸ್ ಇಣುಕಿ, ಇನ್ನೇನು ಕರೆದೊಯ್ಯುತ್ತೇವೆ ಎಂದು ಹೇಳಿ ಹೋದಳು.

"ಮರ್ತುಹೋಯ್ತಾ ಚಿಕ್ಕಮ್ಮಾ?"

"ಮರೆಯೋದೇನು ಬಂತು? ಹಗ್ಗದ ತನಕ ಊರೆಲ್ಲ ಹಾಡಿದ್ದು, ಹೇಗೋ ಎಳೀತೀನಿ. ಅಲ್ಲಿಂದ ಮುಂದೆ ನಾನೂ ನಿಮ್ಮಮ್ಮನೂ ಇಬ್ರೇ. ನನ್ನ ಸಾಲನ್ನ ಅವಳು ತಿರುಗಿ ಹೇಳೋಳು, ಅಷ್ಟರಲ್ಲಿ ನಂಗೆ ಮುಂದಿನ ಸಾಲು ಬಂದುಬಿಡ್ತಿತ್ತು. ಅವಳೂ ಹೋದ್ಲು. ನೀನು ನೋಡಿದ್ರೆ ಗೋಡೆ ಥರ ಕೂತಿದ್ದೀಯ. ಗೋಡೆಗೆ ಯಾರಾದ್ರೂ ಹಾಡ್ತಾರೇನೋ?"

ಅವನು ಮೈಕಿನ ಕಡೆ ನೋಡಿದ. ಆರಿಸಲಿಲ್ಲ. ಅವಳು ಶುರುಮಾಡುತ್ತಿದ್ದಂತೆ ಸಾಲು ಸಾಲನ್ನೂ ಹಿಡಿದು ತಿರುಗಿ ಹಾಡಿದ, ಒರಟಾಗಿ, ಅಪಸ್ವರದಲ್ಲಿ.

ಹಗ್ಗ ಬಿಚ್ಚಿತು. ದೋಣಿ ಹೊಳೆಗಿಳಿಯಿತು. ಅವನು ಎಂದೂ ಕೇಳಿರದ ಸಾಲುಗಳು ಒಂದರ ಹಿಂದೊಂದು ಬಂದವು. ಅಷ್ಟರಲ್ಲಿ ಸ್ಟ್ರೆಚರ್ ಬಂದು ಬಾಗಿಲಲ್ಲಿ ನಿಂತಿತು. ಕೊನೆಯ ನುಡಿಗೆ ಚಿಕ್ಕಮ್ಮನ ದನಿ ಪೂರ್ತಿ ಕೈಕೊಟ್ಟಿತು, ತುಟಿಗಳಷ್ಟೇ ಆಡಿದವು. ಅವನು ಅವಳ ಬಾಯಿಗೆ ಕಿವಿಯಿಟ್ಟು, ಉಸಿರಲ್ಲಿ ಬಂದದ್ದನ್ನು ಗಟ್ಟಿಯಾಗಿ ಹಾಡಿದ. ತಪ್ಪಿದಾಗ ಅವಳು ಬೆನ್ನಿಗೆ ಗುದ್ದಿದಳು. ತಿದ್ದಿಕೊಂಡು ಮತ್ತೆ ಹಾಡಿದ. ರೆಕಾರ್ಡಿಂಗಿನಲ್ಲಿ ಆ ನುಡಿಗೆ ತನ್ನ ದನಿಯೊಂದೇ ಇರುತ್ತದೆ ಎಂಬುದು ಆಗ ಹೊಳೆದು ಅವನ ಕಣ್ಣು ತುಂಬಿತು.

ಸ್ಟ್ರೆಚರ್ ಹೊರಡುವ ಮುಂಚೆ ಚಿಕ್ಕಮ್ಮ ಅವನ ಅಂಗಿ ಹಿಡಿದು ಬಗ್ಗಿಸಿಕೊಂಡು ಪಿಸುಗುಟ್ಟಿದಳು.

"ನಿಂಗೆ ಹಾಡೋಕೆ ಬರಲ್ಲ ಕಣೋ. ಆದ್ರೂ ಇನ್ಮೇಲೆ ನೀನೇ ಹಾಡ್ಬೇಕು."

ಅವಳು ಆಡಿದ ಕೊನೆಯ ಮಾತು ಅದೇ.